ಬಾವಿಗಳ ನಕ್ಷೆ: ವಾರ್ಡಿನ ದೂರದೃಷ್ಟಿ ಯೋಜನೆಗಾಗಿ ಮೂರು ತಿಂಗಳು

ಉಡುಪಿಯ ಹತ್ತಿರ, ಸ್ವರ್ಣಾ ನದಿಗೆ ಹೊಂದಿಕೊಂಡಿರುವ ನಮ್ಮ ವಾರ್ಡಿನಲ್ಲಿ ಪಂಚಾಯತಿನ ಐದು ವರ್ಷಗಳ ದೂರದೃಷ್ಟಿ ಯೋಜನೆಗೆ ಜನರ ಅಭಿಪ್ರಾಯ ಸಂಗ್ರಹಿಸುವ ಕೆಲಸವನ್ನು, ಶಾಲೆಯಿಂದ ನಿವೃತ್ತನಾದ ನಾನು ಹವ್ಯಾಸವಾಗಿ ಕೈಗೆತ್ತಿಕೊಂಡು ಮೂರು ತಿಂಗಳಾದವು. ಮೊದಲ ತಿಂಗಳು ಹೆಚ್ಚುಕಡಿಮೆ ವ್ಯರ್ಥವಾಯಿತೆಂದು ಒಪ್ಪಿಕೊಳ್ಳಬೇಕು. ಪಂಚಾಯತಿಗಳಿಗೆ ವಹಿಸಬಹುದಾದವೆಂದು ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿರುವ 29 ವಿಷಯಗಳನ್ನೂ ಒಂದೇ ನಮೂನೆಯಲ್ಲಿ ತುಂಬಿ ಮನೆಮನೆಗೆ ಹಂಚಿದ್ದೆ. ‘ಮೂಲಸೌಕರ್ಯ’, ‘ಆದ್ಯತೆ’ ಎಂಬ ಪದಗಳ ಎದುರು ಬಹುತೇಕರು ಬರೆದುದು ದಾರಿದೀಪ ಮತ್ತು ರಸ್ತೆಗೆ ಕಾಂಕ್ರೀಟು, ಇವೆರಡನ್ನೇ. ದಾರಿದೀಪ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ವಾರ್ಷಿಕ ಕ್ರಿಯಾಯೋಜನೆಯೇ ಸಾಕು, ಐದು ವರ್ಷ ಮುಂದೆ ನೋಡುವ ಅಗತ್ಯವಿಲ್ಲ.

ಎರಡನೆಯ ತಿಂಗಳಲ್ಲಿ ನಮೂನೆಯನ್ನು ಬದಿಗಿಟ್ಟು ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳತೊಡಗಿದೆ: “ಗುವೆಲ್‌ಗ್ ಉಪ್ಪುನೀರ್ ಏಪ ಬರ್ಪುಂಡು?” ನಿಮ್ಮ ಬಾವಿಗೆ ಉಪ್ಪುನೀರು ಯಾವಾಗ ಬರುತ್ತದೆ ಎಂಬ ಈ ಪ್ರಶ್ನೆಗೆ ಉತ್ತರ ಕೊಡದ ಮನೆಯೇ ಇರಲಿಲ್ಲ. ಬೀಡಿ ಕಟ್ಟುತ್ತ ಕುಳಿತವರು ಎಲೆ ಕತ್ತರಿಸುವುದನ್ನು ನಿಲ್ಲಿಸಿ, ತಾವು ಮದುವೆಯಾಗಿ ಬಂದಾಗ ಬೇಸಗೆಯ ಕೊನೆಯವರೆಗೂ ಸಿಹಿಯಾಗಿದ್ದ ನೀರು ಈಗ ಎಷ್ಟು ಬೇಗ ಕೆಡುತ್ತದೆಂದು ವಿವರಿಸಿದರು. ಬೈಲಿನಲ್ಲಿ ಸುಗ್ಗಿ ಬೆಳೆ ಬಿಟ್ಟುಹೋದದ್ದು ಯಾವಾಗ, ತೋಡಿನ, ಅಂದರೆ ಸಣ್ಣ ಹಳ್ಳದ, ಹೂಳು ತೆಗೆದು ಎಷ್ಟು ಕಾಲವಾಯಿತು, ಕಾಲುಸಂಕ ಮುಳುಗಿದ ದಿನಗಳಲ್ಲಿ ಮಕ್ಕಳು ಯಾವ ಸುತ್ತುದಾರಿಯಲ್ಲಿ ಶಾಲೆಗೆ ಹೋಗುತ್ತಾರೆ ಎಂಬುದೆಲ್ಲ ಅದೇ ಮಾತಿನ ಬೆನ್ನಿಗೆ ಬಂತು. ಏನು ಬೇಕು ಎಂದು ಕೇಳಿದಾಗ ಬಾರದ ಯೋಜನೆ, ಏನು ಬದಲಾಯಿತು ಎಂದು ಕೇಳಿದಾಗ ತಾನಾಗಿ ಬಂದಿತು.

ಈ ಉತ್ತರಗಳನ್ನು ಭಜನಾ ಮಂದಿರದ ಅಂಗಳದಲ್ಲಿ ರಂಗೋಲಿ ಪುಡಿಯಿಂದ ನಕ್ಷೆಯಾಗಿ ಬಿಡಿಸಿದೆವು. ಸಿಹಿನೀರಿನ ಬಾವಿಗೆ ಬಿಳಿ, ಬೇಸಗೆಯಲ್ಲಿ ಉಪ್ಪಾಗುವುದಕ್ಕೆ ಕೆಂಪು. ಅಕಾಲದ ಮಳೆ ಅರ್ಧ ವಾರ್ಡನ್ನು ತೊಳೆದುಕೊಂಡು ಹೋದ ಕಾರಣ ಮರುದಿನ ಡ್ರಾಯಿಂಗ್ ಹಾಳೆಯ ಮೇಲೆ ಮತ್ತೆ ಬರೆಯಬೇಕಾಯಿತು. ಕೆಂಪು ಬಾವಿಗಳು ಹೊಳೆಯ ಕಿಂಡಿ ಅಣೆಕಟ್ಟಿನ (ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಕಟ್ಟೆ) ಕೆಳಗೆ ಮಾತ್ರ ಇರುತ್ತವೆಂದು ನಾನು ಭಾವಿಸಿದ್ದೆ. ಮೇಲೆಯೂ ಕೆಲವು ಇದ್ದವು. ಕಾರಣವನ್ನು ಗದ್ದೆ ಮಾಡುವ ಅಜ್ಜರೊಬ್ಬರು ಹೇಳಿದರು: “ಮಾಷ್ಟ್ರೇ, ಹಲಗೆ ಹಾಕುವುದು ತಡವಾದರೆ ಅಣೆಕಟ್ಟು ಇದ್ದೂ ಇಲ್ಲದ ಹಾಗೆ.” ಮಳೆ ನಿಂತು ಹೊಳೆಯ ಹರಿವು ಇಳಿಯುತ್ತಿದ್ದಂತೆ ಭರತದ ನೀರು ಮೇಲೇರುತ್ತದೆ; ಅಷ್ಟರೊಳಗೆ ಕಿಂಡಿಗಳಿಗೆ ಹಲಗೆ ಬೀಳದಿದ್ದರೆ ಒಳಬಂದ ಉಪ್ಪನ್ನೇ ಕಟ್ಟಿ ನಿಲ್ಲಿಸಿದಂತಾಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಬೇಸಗೆಗೆ ಟ್ಯಾಂಕರಿನ ನೀರು ಕಾಯುವುದರ ಹಿಂದೆ ಇಂತಹ ಸಣ್ಣ ತಡಗಳೂ ಇವೆಯೆಂದು ನನಗೆ ಆ ದಿನ ಮನದಟ್ಟಾಯಿತು.

ವಾರ್ಡ್ ಸಭೆ ಈ ತಿಂಗಳು ನಡೆಯಿತು. ಬೆಳಿಗ್ಗೆ ಹನ್ನೊಂದಕ್ಕೆ ಕರೆಯುತ್ತಿದ್ದ ಸಭೆಯನ್ನು ಸಂಜೆ ಡಿಪ್ಪೋಗೆ ಹಾಲು ಹಾಕಿ ಬಂದ ನಂತರದ ಹೊತ್ತಿಗೆ ಬದಲಾಯಿಸಿದ್ದಷ್ಟೇ ನಮ್ಮ ಸುಧಾರಣೆ. ಹೆಂಗಸರ ಸಾಲು ಗಂಡಸರದಕ್ಕಿಂತ ಉದ್ದವಾಗಿತ್ತು. ನಕ್ಷೆಯನ್ನು ಗೋಡೆಗೆ ಅಂಟಿಸಿದ್ದರಿಂದ ವಾದವೆಲ್ಲ ಯಾರ ಮನೆಯ ಎದುರು ಎಂಬುದರ ಬದಲು ಯಾವ ತೋಡು ಮೊದಲು ಎಂಬುದರ ಸುತ್ತ ನಡೆಯಿತು. ಹದಿನೈದನೆಯ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿದ್ದನ್ನು ನೆನಪಿಸಿದಾಗ, ಹಣವಿಲ್ಲ ಎಂಬ ಹಳೆಯ ಮಾತು ಕೊಂಚ ಸಡಿಲವಾಯಿತು. ತೋಡಿನ ಹೂಳೆತ್ತುವುದು, ಮದಗದ (ಕೆರೆಯ) ದುರಸ್ತಿ, ಎರಡು ಕಾಲುಸಂಕಗಳು ಗ್ರಾಮಸಭೆಗೆ ಹೋಗುವ ಪಟ್ಟಿಯಲ್ಲಿ ಸೇರಿವೆ.

ಉಳಿದಿರುವುದು ಹಲಗೆಯ ವಿಷಯ. ಅದಕ್ಕೆ ದೊಡ್ಡ ಖರ್ಚಿಲ್ಲ. ಹಾಗಾಗಿಯೇ ಏನೋ, ಅದನ್ನು ಬರೆಯಲು ಯೋಜನೆಯ ನಮೂನೆಯಲ್ಲಿ ಕಾಲಮ್ಮೇ ಸಿಗಲಿಲ್ಲ. ಯಾವ ವಾರದಲ್ಲಿ ಹಾಕಬೇಕು, ಮಳೆಗಾಲಕ್ಕೆ ಮುನ್ನ ಯಾರು ತೆಗೆಯಬೇಕು ಎಂಬುದನ್ನು ಷರಾ ರೂಪದಲ್ಲಾದರೂ ದಾಖಲಿಸಬೇಕೆಂದು ಗ್ರಾಮಸಭೆಯಲ್ಲಿ ಕೇಳಲಿದ್ದೇವೆ. ಅದಕ್ಕೂ ಮೊದಲು, ಹಲಗೆಗಳನ್ನು ಇಟ್ಟಿರುವ ಶೆಡ್ಡಿನ ಬೀಗದ ಕೈ ಈಗ ಯಾರ ಬಳಿ ಇದೆಯೆಂದು ಪತ್ತೆಹಚ್ಚಬೇಕಾಗಿದೆ.