ಕಗ್ಗದ ಬೀಜವನ್ನು ಕಾಪಿಟ್ಟರೆ ಸಾಲದೇ?

ಅಘನಾಶಿನಿ ನದಿ ಕಡಲು ಸೇರುವ ಕಡೆ, ಕುಮಟಾ ತಾಲ್ಲೂಕಿನ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗವೆಂಬ ಭತ್ತದ ಬಗ್ಗೆ ನಾನು ಎಲ್ಲಿ ಮಾತನಾಡಿದರೂ ಕೊನೆಗೊಂದು ಪ್ರಶ್ನೆ ಬಂದೇ ಬರುತ್ತದೆ. ಇಳುವರಿ ಕಡಿಮೆ, ದುಡಿಮೆ ಹೆಚ್ಚು, ಕೆಸರಿಗಿಳಿಯುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹೀಗಿರುವಾಗ ಬೀಜವನ್ನು ಒಂದು ಬೀಜ ಬ್ಯಾಂಕಿನಲ್ಲಿ ಭದ್ರವಾಗಿಟ್ಟು ಬೇಸಾಯವನ್ನು ಕೈಬಿಟ್ಟರೆ ಆಗುವ ನಷ್ಟವಾದರೂ ಏನು? ಕೇಳುವವರಲ್ಲಿ ಕೃಷಿ ಓದಿದವರೂ ಇದ್ದಾರೆ, ನಮ್ಮ ಕರಾವಳಿಯಿಂದಲೇ ಹೋಗಿ ಬೆಂಗಳೂರಿನಲ್ಲಿ ನೆಲೆಸಿದವರೂ ಇದ್ದಾರೆ. ಪ್ರಾಮಾಣಿಕವಾಗಿ ಕೇಳಿದ ಪ್ರಶ್ನೆಯಾದ್ದರಿಂದ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಗಜನಿಯೆಂದರೆ ಏನೆಂದು ತಿಳಿಯಬೇಕು. ದಿನಕ್ಕೆ ಎರಡು ಬಾರಿ ಉಬ್ಬರದ ಉಪ್ಪುನೀರು ನದಿಯೊಳಗೆ ಏರಿಬರುವ ಜಾಗದಲ್ಲಿ, ಮಣ್ಣಿನ ದಂಡೆ ಕಟ್ಟಿ ನದಿಯಿಂದ ಬೇರ್ಪಡಿಸಿದ ತಗ್ಗು ಗದ್ದೆಯೇ ಗಜನಿ. ದಂಡೆಯಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲುಗಳಿರುತ್ತವೆ. ಬೇಸಿಗೆಯಲ್ಲಿ ಇಳಿತದ ಹೊತ್ತು ನೋಡಿ ಒಳಗಿನ ನೀರನ್ನು ಹೊರಬಿಟ್ಟು ನೆಲವನ್ನು ಒಣಗಿಸುತ್ತಾರೆ, ದಂಡೆಯನ್ನು ದುರಸ್ತಿ ಮಾಡುತ್ತಾರೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಇಲ್ಲಿಯ ಮಳೆ ಮಣ್ಣಿನ ಉಪ್ಪನ್ನು ತೊಳೆಯುತ್ತಿದ್ದಂತೆ ಮೊಳಕೆಯೊಡೆದ ಕಗ್ಗ ನೆಲಕ್ಕೆ ಬೀಳುತ್ತದೆ. ಗೊಬ್ಬರವಿಲ್ಲ, ಔಷಧವಿಲ್ಲ. ಆಳೆತ್ತರಕ್ಕೆ ಸಮೀಪ ಬೆಳೆಯುವ ಈ ಪೈರು ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಸ್ವಲ್ಪ ಉಪ್ಪು ನುಗ್ಗಿದರೂ ತಾಳಿಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ಕೊಯ್ಯುವುದು ತೆನೆಯನ್ನು ಮಾತ್ರ. ದಂಟನ್ನು ನೀರಿನಲ್ಲೇ ಬಿಡುತ್ತಾರೆ. ಅನಂತರ ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟರೆ ಅದರೊಂದಿಗೆ ಮೀನಿನ ಮರಿ, ಸೀಗಡಿಯ ಮರಿಗಳೂ ಬರುತ್ತವೆ, ಕೊಳೆಯುವ ದಂಟಿನ ಆಸರೆಯಲ್ಲಿ ಬೆಳೆಯುತ್ತವೆ. ಇಳಿತದಲ್ಲಿ ಬಾಗಿಲಿಗೆ ಬಲೆ ಒಡ್ಡಿದರೆ ಅದೇ ಗದ್ದೆಯ ಎರಡನೆಯ ಬೆಳೆ. ಹಾಗೆ ನೋಡಿದರೆ ಭತ್ತದ ಇಳುವರಿಯೊಂದನ್ನೇ ಅಳೆದು ಗಜನಿಗೆ ಬೆಲೆ ಕಟ್ಟುವುದೇ ಸರಿಯಾದ ಲೆಕ್ಕವಲ್ಲ.

ಇದರಲ್ಲಿ ಒಬ್ಬನೇ ಮಾಡಬಹುದಾದ ಕೆಲಸ ಯಾವುದೂ ಇಲ್ಲ ಎಂಬುದನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ. ದಂಡೆ ಒಂದು ಕಡೆ ಒಡೆದರೆ ನೀರು ಯಾರ ಗದ್ದೆಯ ಗಡಿಯನ್ನೂ ಕೇಳದೆ ಇಡೀ ಗಜನಿಯನ್ನು ತುಂಬುತ್ತದೆ. ಬಾಗಿಲನ್ನು ಯಾವಾಗ ತೆರೆಯಬೇಕು, ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರಕ್ಕೆ ಮೊದಲು ಅದನ್ನು ಹೇಗೆ ಭದ್ರಪಡಿಸಬೇಕು ಎಂಬ ತೀರ್ಮಾನ ಎಲ್ಲರಿಗೂ ಒಂದೇ ಆಗಿರಬೇಕು. ಸುತ್ತಲೂ ಪಾಳು ಬಿಟ್ಟ ನೆಲದ ನಡುವೆ ಒಬ್ಬನು ಮಾತ್ರ ಬಿತ್ತಿದರೆ ಹಕ್ಕಿಗಳೆಲ್ಲ ಆ ಒಂದೇ ಗದ್ದೆಗೆ ಎರಗುತ್ತವೆ. ಎಲ್ಲರೂ ಬಿತ್ತಿದಾಗ ಹಕ್ಕಿಗಳು ತಿಂದ ಮೇಲೂ ಮನುಷ್ಯರಿಗೆ ಉಳಿಯುತ್ತದೆ. ಕುಮಟಾ ತಾಲ್ಲೂಕಿನದೇ ಹಳ್ಳಿಯಾದ ಮಾಣಿಕಟ್ಟಾದ ರೈತರು ತಮ್ಮ ತಮ್ಮ ಹಿಡುವಳಿಗಳ ಎಲ್ಲೆಯನ್ನು ಬದಿಗಿಟ್ಟು ಕಗ್ಗವನ್ನು ಸಾಮೂಹಿಕವಾಗಿ ಬೆಳೆಯಲು ಮುಂದಾದದ್ದರ ಹಿಂದೆ ನನಗೆ ಕಾಣುವ ವಿವೇಕ ಇದು. ಅದನ್ನು ಕೇವಲ ಹಳೆಯ ಸಂಪ್ರದಾಯದ ಮೇಲಿನ ಮೋಹವೆಂದು ಕರೆದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಬೀಜ ಬ್ಯಾಂಕುಗಳ ಬಗ್ಗೆ ನನಗೆ ಅಗೌರವವಿಲ್ಲ. ಕೇರಳದ ಗಜನಿಯಂಥ ನೆಲದಲ್ಲಿಯೇ ಬೆಳೆಯುವ ಪೊಕ್ಕಾಳಿ ಭತ್ತದಿಂದ ಉಪ್ಪು ತಾಳುವ ಗುಣವನ್ನು ಗುರುತಿಸಿ ತಳಿವಿಜ್ಞಾನಿಗಳು ಅದನ್ನು ಬೇರೆ ತಳಿಗಳಿಗೆ ದಾಟಿಸಿದ್ದಾರೆ. ಸಂಗ್ರಹಗಳಿಲ್ಲದೆ ಅಂಥ ಕೆಲಸ ಸುಲಭವಲ್ಲ. ಆದರೆ ಶೀತಲ ಕೋಣೆಯಲ್ಲಿರುವ ಬೀಜ ತಾನು ಅಲ್ಲಿಗೆ ಹೋದ ವರ್ಷದ ಗುಣವನ್ನಷ್ಟೇ ಹಿಡಿದಿಟ್ಟಿರುತ್ತದೆ. ಸಮುದ್ರದ ಮಟ್ಟ ಏರುತ್ತಿರುವ, ಮಳೆಯ ಹದ ತಪ್ಪುತ್ತಿರುವ ಈ ಕಾಲದಲ್ಲಿ ಗದ್ದೆಯಲ್ಲಿರುವ ಕಗ್ಗ ಪ್ರತಿವರ್ಷ ಹೊಸ ಪರೀಕ್ಷೆಯನ್ನು ಎದುರಿಸಿ, ಗೆದ್ದ ತೆನೆಗಳಿಂದಲೇ ಮುಂದಿನ ಬಿತ್ತನೆಯನ್ನು ಕೊಡುತ್ತದೆ. ಇನ್ನು ದಂಡೆಗೆ ಮಣ್ಣು ಮೆತ್ತುವ ಕೈಯನ್ನು, ನೀರಿನ ಏರಿಳಿತವನ್ನು ಚಂದ್ರನ ಲೆಕ್ಕದಲ್ಲಿ ಓದುವ ಕಣ್ಣನ್ನು, ನೆರೆಯವನೊಂದಿಗೆ ಕೂತು ಒಂದೇ ದಿನ ಬಿತ್ತೋಣವೆಂದು ಒಪ್ಪಿಕೊಳ್ಳುವ ರೂಢಿಯನ್ನು ಯಾವ ಪೆಟ್ಟಿಗೆಯಲ್ಲಿ ಮುಚ್ಚಿಡಲು ಸಾಧ್ಯ? ಒಂದು ತಲೆಮಾರು ಗಜನಿಗೆ ಇಳಿಯದಿದ್ದರೆ, ಮುಂದೊಂದು ದಿನ ಬೀಜ ಕೈಗೆ ಬಂದರೂ ಅದನ್ನು ಬಿತ್ತಲು ಒಣಗಿಸಿದ ನೆಲವೇ ಇರುವುದಿಲ್ಲ.

ಗಜನಿ ಕೈಬಿಟ್ಟಾಗ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಯೂ ಇಲ್ಲ. ಸೀಗಡಿ ಕೃಷಿಯ ಆಸೆ ಕರಾವಳಿಗೆ ಬಂದ ಕಾಲದಲ್ಲಿ ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಹಲವು ಗದ್ದೆಗಳು ಭತ್ತಕ್ಕೆ ಮರಳಲಿಲ್ಲ. ರೋಗ ಬಂದು ಸೀಗಡಿಯೂ ಹೋದಾಗ ಎರಡೂ ಇಲ್ಲದ ನೆಲವಷ್ಟೇ ಉಳಿಯಿತು. ದಂಡೆಯ ಹೊರಮೈಯನ್ನು ಅಲೆಗಳಿಂದ ಕಾಯುವ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಕಡಿದ ಕಡೆ ದಂಡೆಯೂ ಬೇಗ ಸವೆಯುತ್ತದೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದಾಗ ನನಗೆ ಬಹಳ ಸಂತೋಷವಾಯಿತು. ಅಣೆಕಟ್ಟೆಯಿಲ್ಲದೆ ಹರಿಯುವ ನದಿಯೊಂದರ ಕೊನೆಗೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ಈ ಅಳಿವೆಯನ್ನು ಬರಿಯ ಹಕ್ಕಿ, ಮೀನು, ಬಳಚು ಎಂಬ ಚಿಪ್ಪುಜೀವಿಗಳ ತಾಣವೆಂದು ನೋಡಿ, ಅದರೊಳಗೆ ದುಡಿಯುವವರನ್ನು ಮರೆತರೆ ಅರ್ಧವನ್ನಷ್ಟೇ ಕಂಡಂತೆ.

ಹಾಗಾದರೆ ನಾವೇನು ಮಾಡಬೇಕು ಎಂದು ಕೆಲವರು ಮತ್ತೆ ಕೇಳುತ್ತಾರೆ. ಕಗ್ಗದ ಅಕ್ಕಿ ಸಿಕ್ಕಿದರೆ ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಳ್ಳಿ, ಗಂಜಿ ಮಾಡಿ ಉಣ್ಣಿ ಎನ್ನುತ್ತೇನೆ. ಊರಿನ ನಂಟು ಉಳಿದಿರುವವರಿಗೆ ಇನ್ನೊಂದು ಮಾತೂ ಹೇಳುತ್ತೇನೆ: ಹಸಿರು ತೂಗುವ ಮಳೆಗಾಲದಲ್ಲಿ ಫೋಟೊ ತೆಗೆಯಲು ಬರುವ ಬದಲು ಮಳೆಗೆ ಮೊದಲು, ಮೇ ತಿಂಗಳ ಬಿಸಿಲಿನಲ್ಲಿ ದಂಡೆಗೆ ಮಣ್ಣು ಹಾಕುವಾಗ ಒಂದು ವಾರ ಬಂದು ಜೊತೆಗೆ ನಿಲ್ಲಿ.