ಆ ತುಣುಕು ಅವಳ ಹತ್ತಿರ ಮಾತ್ರ ಇದೆ

ಹೆಸರು ಕರೆದರೆ ಎದ್ದು ನಿಂತು ನೆಲ ನೋಡುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ‘ನೀನು ಜಾಣೆ ಕಣಮ್ಮ, ನಿನಗೆ ಬರುತ್ತೆ’ ಎಂದು ಹತ್ತು ಸಲ ಹೇಳಿದರೂ ಅವಳು ನಂಬುವುದಿಲ್ಲ. ಹೇಗೆ ನಂಬುತ್ತಾಳೆ? ತಾನು ಬಾಯಿ ಬಿಡದಿದ್ದರೂ ಪಾಠ ಮುಂದೆ ಹೋಗುತ್ತದೆ, ಮುಂದಿನ ಸಾಲಿನ ನಾಲ್ಕು ಕೈ ಮೇಲೆದ್ದರೆ ಸಾಕು ಎನ್ನುವುದನ್ನು ದಿನವೂ ಕಣ್ಣಾರೆ ಕಾಣುತ್ತಿರುತ್ತಾಳೆ. ಹೊಗಳಿಕೆಯಿಂದ ಇದು ಬದಲಾಗುವುದಿಲ್ಲ. ಅವಳು ಹೇಳದಿದ್ದರೆ ಉಳಿದವರ ಕೆಲಸವೇ ನಿಂತುಹೋಗುವ ಹಾಗೆ ಪಾಠವನ್ನು ಕಟ್ಟಬೇಕು. ಜಿಗ್‌ಸಾ ಎನ್ನುವ ಚಟುವಟಿಕೆ ಮಾಡುವುದು ಇದನ್ನೇ.

ಇದು ಹುಟ್ಟಿದ್ದು 1971ರಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ. ಬಿಳಿಯರ, ಕಪ್ಪು ಜನರ, ಸ್ಪ್ಯಾನಿಷ್ ಮಾತಾಡುವ ಮನೆಗಳ ಮಕ್ಕಳನ್ನು ಆಗಷ್ಟೇ ಒಂದೇ ತರಗತಿಗೆ ಸೇರಿಸಿದ್ದರು, ಜಗಳ ಹೆಚ್ಚಾಗಿತ್ತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ತರಗತಿಗಳಲ್ಲಿ ಕೂತು ನೋಡಿದಾಗ ಕಂಡದ್ದು, ಉತ್ತರ ಹೇಳಲು ಒಬ್ಬರ ಮೇಲೊಬ್ಬರು ಬೀಳುವ ಪೈಪೋಟಿ. ಅವರು ಪಾಠವನ್ನೇ ತುಣುಕು ಮಾಡಿ ಹಂಚಿದರು. ಕೆಲವೇ ವಾರಗಳಲ್ಲಿ ಮಕ್ಕಳು ಗುಂಪಿನವರನ್ನು ಹೆಚ್ಚು ಇಷ್ಟಪಡತೊಡಗಿದರು, ತಮ್ಮ ಬಗ್ಗೆ ತಮಗಿದ್ದ ಗೌರವವೂ ಹೆಚ್ಚಿತು.

ನಮ್ಮಲ್ಲಿ ಐದನೇ ತರಗತಿಯಿಂದ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. 36 ಮಕ್ಕಳಿದ್ದಾರೆ, ಪಾಠ ಕಾವೇರಿ ನದಿ ಎಂದುಕೊಳ್ಳಿ. ಆರು ತುಣುಕು ಮಾಡಿ: ತಲಕಾವೇರಿಯಿಂದ ಸಮುದ್ರದವರೆಗಿನ ದಾರಿ, ಹೇಮಾವತಿ, ಕಬಿನಿ, ಅರ್ಕಾವತಿಯಂಥ ಉಪನದಿಗಳು, 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ, ಶಿವನಸಮುದ್ರದ ವಿದ್ಯುತ್, ದಡದ ಬೆಳೆಗಳು, ಶ್ರೀರಂಗಪಟ್ಟಣದಂಥ ನಡುಗಡ್ಡೆಗಳು. ಒಂದೊಂದನ್ನೂ ಅರ್ಧ ಎ4 ಹಾಳೆಯಲ್ಲಿ, ಎಂಟು ಸಾಲು ಮೀರದ ಹಾಗೆ, ದಪ್ಪ ಅಕ್ಷರದಲ್ಲಿ ಬರೆಯಿರಿ. ಬೇರೆ ತುಣುಕು ಓದದೆಯೂ ಅರ್ಥವಾಗಬೇಕು. ನಾಲ್ಕನೆಯ ಚೀಟಿ ಹೀಗಿರಬಹುದು: ‘ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಧುಮುಕುತ್ತಾಳೆ. ಒಂದು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ. ಬೀಳುವ ನೀರಿನ ರಭಸದಿಂದ ಇಲ್ಲಿ ವಿದ್ಯುತ್ ತಯಾರಿಸಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು.’ ಆರು ತುಣುಕಿಗೆ ತಲಾ ಆರು ಪ್ರತಿ, ಮೇಲೆ ಎರಡೆರಡು ಹೆಚ್ಚಿಗೆ.

ಮೊದಲು ಆರಾರು ಮಕ್ಕಳ ಮನೆಗುಂಪು. ಗುಂಪನ್ನು ನೀವೇ ಮಾಡಿ, ಮಕ್ಕಳಿಗೆ ಬಿಡಬೇಡಿ. ಬಿಟ್ಟರೆ ಕೇರಿ, ಗೆಳೆತನದ ಪ್ರಕಾರವೇ ಸೇರುತ್ತಾರೆ, ಯಾರಿಗೂ ಬೇಡವಾದ ಮಗು ಎಲ್ಲರೆದುರೇ ಒಂಟಿಯಾಗಿ ನಿಲ್ಲಬೇಕಾಗುತ್ತದೆ. ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಣುಕು. ಹತ್ತು ನಿಮಿಷ ತಾವೇ ಓದಲಿ. ಆಮೇಲೆ ಒಂದೇ ತುಣುಕು ಸಿಕ್ಕ ಆರು ಜನ ಒಟ್ಟಿಗೆ ಕೂರಲಿ, ಇದು ತುಣುಕುಗುಂಪು. ಇಲ್ಲಿ 20 ನಿಮಿಷ ಕೊಡಿ.

ಇಡೀ ಚಟುವಟಿಕೆಯ ಜೀವ ಇರುವುದು ಈ 20 ನಿಮಿಷದಲ್ಲಿ. ಅವಸರ ಮಾಡುವವರು ಇದನ್ನೇ ಬಿಟ್ಟುಬಿಡುತ್ತಾರೆ. ಓದಲು ತಡವರಿಸುವ ಮಗುವನ್ನು ನೇರವಾಗಿ ಮನೆಗುಂಪಿಗೆ ಕಳಿಸಿದರೆ ಅಲ್ಲಿ ಅವಮಾನವಾಗುವುದು ಖಂಡಿತ, ಇದ್ದ ಧೈರ್ಯವೂ ಹೋಗುತ್ತದೆ. ತುಣುಕುಗುಂಪಿನಲ್ಲಿ ಒಬ್ಬರು ಜೋರಾಗಿ ಓದಲಿ, ಎಲ್ಲರೂ ಸೇರಿ ಒಂದು ಚಿತ್ರ ಬಿಡಿಸಲಿ, ಮೂರು ಮುಖ್ಯ ಪದ ಆರಿಸಲಿ, ನಂತರ ಪ್ರತಿಯೊಬ್ಬರೂ ಒಂದೊಂದು ಸಲ ಹೇಳಿ ನೋಡಲಿ. ಮನೆಯಲ್ಲಿ ಲಂಬಾಣಿಯೋ ಉರ್ದುವೋ ತುಳುವೋ ಮಾತಾಡುವ ಮಗು ಮೊದಲ ಸಲ ಆ ಮಾತಿನಲ್ಲೇ ಹೇಳಿಕೊಳ್ಳಲಿ, ತಡೆಯಬೇಡಿ. ಮನೆಗುಂಪಿಗೆ ಹೋಗುವಾಗ ಚೀಟಿ ವಾಪಸ್ ತೆಗೆದುಕೊಂಡು, ಚಿತ್ರ ಮತ್ತು ಮೂರು ಪದ ಮಾತ್ರ ಕೈಯಲ್ಲಿ ಬಿಡಿ. ಚೀಟಿ ಉಳಿದರೆ ಒಪ್ಪಿಸುತ್ತಾರೆ, ಇಲ್ಲದಿದ್ದರೆ ವಿವರಿಸುತ್ತಾರೆ.

ಎರಡನೆಯ ದಿನ ಮನೆಗುಂಪು. ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ದುಂಡಗೆ ಕೂರಿಸಿ. ದೂರ ಕೂತರೆ ಕೂಗಾಡುತ್ತಾರೆ. ಒಬ್ಬೊಬ್ಬರಿಗೆ ನಾಲ್ಕು ನಿಮಿಷ, ಅದರಲ್ಲೇ ಪ್ರಶ್ನೆಯೂ ಸೇರಿ. ಕೊನೆಯ ಹತ್ತು ನಿಮಿಷ 12 ಪ್ರಶ್ನೆಗಳ ಕಿರುಪರೀಕ್ಷೆ, ತುಣುಕಿಗೆ ಎರಡರಂತೆ.

ಶಿವನಸಮುದ್ರದ ತುಣುಕು ಸಿಕ್ಕ ಹುಡುಗಿ ತಡವರಿಸುತ್ತಾಳೆ. ‘ಅಲ್ಲಿ... ನೀರು ಬೀಳ್ತದೆ...’ ಎಂದು ಸುಮ್ಮನಾಗುತ್ತಾಳೆ. ಪಕ್ಕದವನು ‘ಇವಳಿಗೇನೂ ಬರಲ್ಲ ಮಿಸ್’ ಎನ್ನುತ್ತಾನೆ. ಅವನನ್ನು ಗದರಬೇಡಿ, ಅವಳ ಬದಲು ನೀವು ಹೇಳಿಕೊಡಲೂಬೇಡಿ. ‘ಆ ತುಣುಕು ಅವಳ ಹತ್ತಿರ ಮಾತ್ರ ಇದೆ. ಪರೀಕ್ಷೆಗೆ 20 ನಿಮಿಷ ಇದೆ. ಏನು ಕೇಳಿದರೆ ಅವಳು ಹೇಳಬಲ್ಲಳು, ಯೋಚಿಸು’ ಎಂದು ಹೇಳಿ ಮುಂದಿನ ಗುಂಪಿಗೆ ಹೋಗಿ. ಸ್ವಲ್ಪ ಹೊತ್ತಿಗೆ ‘ಎಷ್ಟು ಕವಲು?’, ‘ಕರೆಂಟ್ ಯಾವ ಊರಿಗೆ ಹೋಯ್ತು?’ ಎಂಬ ಪ್ರಶ್ನೆಗಳು ಶುರುವಾಗುತ್ತವೆ. ಚಿಕ್ಕ ಪ್ರಶ್ನೆಗೆ ಅವಳಿಗೆ ಉತ್ತರ ಗೊತ್ತಿದೆ. ಐದು ಜನ ತನ್ನ ಮಾತನ್ನು ಬರೆದುಕೊಳ್ಳುವುದನ್ನು ಅವಳು ನೋಡುತ್ತಾಳೆ.

ಕೆಡುವುದು ಬಹಳ ಸಲ ಪಠ್ಯಪುಸ್ತಕದಿಂದ. ಪುಸ್ತಕ ಎಲ್ಲರ ಚೀಲದಲ್ಲೂ ಇರುತ್ತದೆ. ಒಬ್ಬ ತೆರೆದು ನೋಡಿದರೂ ಅವಳ ತುಣುಕಿಗೆ ಬೆಲೆ ಇಲ್ಲ. ಪುಸ್ತಕದಲ್ಲಿಲ್ಲದ ವಿವರವನ್ನು ಚೀಟಿಗೆ ಸೇರಿಸಿ, ಚೀಲಗಳನ್ನು ಗೋಡೆ ಬದಿಗೆ ಇಡಿಸಿ. ಇನ್ನೊಂದು ತಪ್ಪು, ಗುಂಪಿಗೆಲ್ಲ ಸೇರಿ ಒಂದೇ ಅಂಕ ಕೊಡುವುದು: ‘ನಿನ್ನಿಂದ ಅಂಕ ಹೋಯ್ತು’ ಎಂಬ ಮಾತು ಆ ಮಗುವಿನ ಮೇಲೇ ಬೀಳುತ್ತದೆ. ಅಂಕ ಅವರವರದ್ದೇ ಇರಲಿ, ‘ಉತ್ತಮ ಗುಂಪು’ ಘೋಷಣೆಯೂ ಬೇಡ.

ಎಲ್ಲಕ್ಕೂ ಮುನ್ನುಗ್ಗುವ ಮಗುವನ್ನು ಗುಂಪಿನ ನಾಯಕನನ್ನಾಗಿ ಮಾಡಿ. ಸರದಿ ನೋಡಿಕೊಳ್ಳುವುದು ಅವನ ಕೆಲಸ, ತನ್ನ ತುಣುಕು ಕೊನೆಗೆ. ಮಕ್ಕಳು 33 ಇದ್ದರೆ ಐದು ಗುಂಪು ಮಾಡಿ, ಉಳಿದ ಮೂವರನ್ನು ಬೇರೆ ಬೇರೆ ಗುಂಪಿಗೆ ಸೇರಿಸಿ ಒಂದು ತುಣುಕನ್ನು ಇಬ್ಬರು ಹಂಚಿಕೊಳ್ಳಲಿ. ಎರಡನೆಯ ದಿನ ಯಾರಾದರೂ ಬರದಿದ್ದರೆ, ಹೀಗೆ ಜೋಡಿಯಿರುವ ಕಡೆಯಿಂದ ಅದೇ ತುಣುಕಿನವರನ್ನು ಕಳಿಸಿ. ಅಂಥವರು ಸಿಗದಿದ್ದರೆ ಹೆಚ್ಚಿಗೆ ಇಟ್ಟ ಪ್ರತಿಯನ್ನು ಗುಂಪಿನ ಮಧ್ಯೆ ಇಟ್ಟು ಒಬ್ಬರು ಓದಿ ಹೇಳಲಿ.

ಮೊದಲ ಎರಡು ಸಲ ಗದ್ದಲ, ಗೊಂದಲ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಇಲ್ಲಿಗೇ ಕೈಬಿಡುತ್ತಾರೆ, ಅದು ಬೇಸರದ ಸಂಗತಿ. ಒಂದೇ ಮನೆಗುಂಪಿನಲ್ಲಿ ವಾರಕ್ಕೆ ಎರಡು ಅವಧಿಯಂತೆ ಆರು ವಾರ ನಡೆಸಿ, ಆಮೇಲೆ ಗುಂಪು ಬದಲಿಸಿ. ಹೊಸ ಗುಂಪಿನಲ್ಲಿ ಆ ಹುಡುಗಿಗೆ ಎರಡನೆಯ ಸರದಿ ಕೊಡಿ: ಮೊದಲನೆಯದಾದರೆ ಹೆದರಿಕೆ, ಕೊನೆಯದಾದರೆ ಎಲ್ಲರಿಗೂ ಸುಸ್ತು.