ಉಡುಪಿಯ ಪಿನ್‌ಕೋಡ್ ಎಂಬ ಅವಿಭಾಜ್ಯ ಸಂಖ್ಯೆ

ಉಡುಪಿಯ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 576101. ಲಕೋಟೆಗಳ ಮೇಲೆ ಬರೆದು ಬರೆದು ಕೈಗೆ ರೂಢಿಯಾದ ಈ ಆರಂಕಿಯನ್ನು ವಿಳಾಸದಿಂದ ಬಿಡಿಸಿ ಬರೀ ಸಂಖ್ಯೆಯಾಗಿ ನೋಡಿದರೆ, ಅದು 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಅವಿಭಾಜ್ಯ ಸಂಖ್ಯೆ. 1972ರಲ್ಲಿ ಪಿನ್ ವ್ಯವಸ್ಥೆಯನ್ನು ತಂದವರಿಗೆ ಇದರ ಗೊಡವೆ ಇದ್ದಿರಲಾರದು.

ಇದನ್ನು ಸಾಧಿಸಲು ನೇರವಾದ ದಾರಿ ಭಾಗಾಕಾರ. 759ರ ವರ್ಗ 576081, 760ರ ವರ್ಗ 577600. ಆದ್ದರಿಂದ 759ರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೆ ಅವೇ 134 ಇವೆ. ನನಗೆ ಹೆಚ್ಚು ಹಿಡಿಸುವುದು ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ಬಳಸಿದ ಇನ್ನೊಂದು ದಾರಿ. 4ರಿಂದ ಭಾಗಿಸಿದಾಗ 1 ಉಳಿಯುವ ಸಂಖ್ಯೆಯೊಂದನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಲು ಬರುವುದಾದರೆ, ಮತ್ತು ಆ ಎರಡು ವರ್ಗಗಳಿಗೆ ಸಾಮಾನ್ಯ ಅಪವರ್ತನವಿಲ್ಲದಿದ್ದರೆ, ಆ ಸಂಖ್ಯೆ ಅವಿಭಾಜ್ಯವೇ.

ನಮ್ಮ ಸಂಖ್ಯೆಯನ್ನು 5ರಿಂದ ಭಾಗಿಸಿದರೆ 1 ಉಳಿಯುವುದರಿಂದ, ವರ್ಗ ಮಾಡಬೇಕಾದ ಎರಡು ಸಂಖ್ಯೆಗಳಲ್ಲಿ ಒಂದು 5ರ ಗುಣಕವಾಗಿರಬೇಕು. 8ರಿಂದ ಭಾಗಿಸಿದರೆ 5 ಉಳಿಯುವುದರಿಂದ, ಒಂದು ಬೆಸ, ಇನ್ನೊಂದು 4ರಿಂದ ಭಾಗವಾಗದ ಸಮಸಂಖ್ಯೆ ಆಗಿರಬೇಕು. 5ರ ಗುಣಕವು ಬೆಸವಾದರೆ ಅದರ ವರ್ಗ 25ರಲ್ಲಿ ಮುಗಿಯುತ್ತದೆ, ಆಗ ಸಮಸಂಖ್ಯೆ 26 ಅಥವಾ 74ರಲ್ಲಿ ಮುಗಿಯಲೇಬೇಕು. 5ರ ಗುಣಕವು ಸಮವಾದರೆ ಬೆಸಸಂಖ್ಯೆಯ ಕೊನೆಯ ಎರಡು ಅಂಕಿಗಳು 01, 49, 51 ಅಥವಾ 99. ಹೀಗೆ ಸೋಸಿದಾಗ ಪರೀಕ್ಷಿಸಲು ಉಳಿಯುವುದು ಕೇವಲ 46. ಅವುಗಳಲ್ಲಿ ಕೂಡಿಬರುವುದು ಒಂದೇ, ಅದೂ ಪಟ್ಟಿಯ ಕಟ್ಟಕಡೆಗೆ: 751ರ ವರ್ಗ 564001, 110ರ ವರ್ಗ 12100, ಮೊತ್ತ 576101.

ಒಂದೇ ರೀತಿ ಎಂಬುದಕ್ಕೆ ಇಷ್ಟು ಬೆಲೆ ಏಕೆಂದರೆ, ಎರಡು ವರ್ಗಗಳ ಮೊತ್ತವಾದ ಎರಡು ಸಂಖ್ಯೆಗಳನ್ನು ಗುಣಿಸಿದರೆ ಗುಣಲಬ್ಧವೂ ಅಂತಹದ್ದೇ ಆಗುತ್ತದೆ. ನಮ್ಮ ಬ್ರಹ್ಮಗುಪ್ತನ ಹೆಸರಿನಲ್ಲಿರುವ ಸಮೀಕರಣ ಇದು. ಗುಣಿಸುವಾಗ ಒಂದು ಚಿಹ್ನೆಯನ್ನು ಬದಲಿಸಿದರೆ ಎರಡನೆಯ ರೂಪವೂ ಸಿಗುತ್ತದೆ: 5 ಮತ್ತು 13ರ ಗುಣಲಬ್ಧ 65, ಅದು 1 ಮತ್ತು 64ರ ಮೊತ್ತವೂ ಹೌದು, 16 ಮತ್ತು 49ರ ಮೊತ್ತವೂ ಹೌದು. 1000009ರ ಕಥೆಯೂ ಇದೇ. 1000 ಮತ್ತು 3ರ ವರ್ಗಗಳನ್ನು ಕೂಡಿದರೂ, 972 ಮತ್ತು 235ರ ವರ್ಗಗಳನ್ನು ಕೂಡಿದರೂ ಅದೇ ಸಂಖ್ಯೆ ಬರುತ್ತದೆ. ಅದು 293 ಮತ್ತು 3413ರ ಗುಣಲಬ್ಧ.

ಮಂಗಳೂರಿನವರು ಬೇಸರಿಸಬಾರದು, ಆದರೆ ಅವರ 575001 ಅಂಕಿಗಳ ಮೊತ್ತದಲ್ಲೇ ಸಿಕ್ಕಿಬೀಳುತ್ತದೆ. ಮೊತ್ತ 18 ಆದ್ದರಿಂದ 9ರಿಂದ ಭಾಗವಾಗುತ್ತದೆ, ಉಳಿದ 63889 ಎಂಬುದು 7 ಮತ್ತು 9127ರ ಗುಣಲಬ್ಧ. 4ರಿಂದ ಭಾಗಿಸಿದಾಗ ಇದಕ್ಕೂ 1 ಉಳಿಯುತ್ತದೆ, ಆದರೂ ಇದನ್ನು ಎರಡು ವರ್ಗಗಳ ಮೊತ್ತವಾಗಿ ಯಾವ ರೀತಿಯಲ್ಲಿಯೂ ಬರೆಯಲಾಗದು. 4ರಿಂದ ಭಾಗಿಸಿದಾಗ 3 ಉಳಿಯುವ 7 ಎಂಬ ಅವಿಭಾಜ್ಯವು ಅದರೊಳಗೆ ಒಂಟಿಯಾಗಿ ಕುಳಿತಿರುವುದೇ ಅದಕ್ಕೆ ಕಾರಣ.